ಸೂರಿಲ್ಲದವನ ಕಾಯಕ

ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಶರಣ ಮಾರಯ್ಯನವರ ಕಾಯಕವಾಗಿತ್ತು. ಒಂದು ದಿನ ಅವರು ರೂಢಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಸತಿ ಲಕ್ಕಮ್ಮನವರು ಅದನ್ನು ಒಳಗೆ ಬರಗೊಡದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿದರು. ಈ ಪ್ರಸಂಗವನ್ನು ಆಸೆಯನ್ನು ಗೆದ್ದುದಕ್ಕೆ ದೃಷ್ಟಾಂತವಾಗಿ ಹೇಳುವುದು ವಾಡಿಕೆ, ಅದು ಯುಕ್ತವೇ. ಆದರೆ ಅದರೊಳಗೆ ಇನ್ನೊಂದು ಸಂಗತಿ ಅಡಗಿರುವುದು. ಲಕ್ಕಮ್ಮನವರಿಗೆ ಎಷ್ಟೇ ಬಡದಾದರೂ ಒಂದು ಮನೆಯಿತ್ತು, ಒಲೆಯಿತ್ತು. ನಾಳೆಯೂ ಅದೇ ಅಂಗಳದಲ್ಲಿ ಕಾಯಕವುಂಟೆಂಬ ಭರವಸೆಯಿತ್ತು. ನಾಳೆಯ ನೆಲೆಯಿಲ್ಲದವನಿಗೆ ಇಂದಿನ ಹಿಡಿಯಕ್ಕಿಯನ್ನು ಹಿಂದಿರುಗಿಸುವುದು ಸಾಧ್ಯವಾದೀತೆ?

ಇಂದು ಮಾರಯ್ಯನವರು ಯಾವುದಾದರೊಂದು ನಗರದ ಮಂಡಿಯಲ್ಲಿ ಕಾಳು ಆಯುತ್ತಿದ್ದರೆ ಕಂಡವರು ಅವರನ್ನು ಭಿಕ್ಷುಕರೆಂದೇ ಬಗೆಯುತ್ತಿದ್ದರು. ಕಲ್ಯಾಣವು ಹಾಗೆ ಬಗೆಯಲಿಲ್ಲ. ಆಯುವ ಆ ಕೆಲಸವನ್ನೇ ಅವರ ಹೆಸರಿನ ಮುಂದೆ ಬಿರುದಿನಂತೆ ಇರಿಸಿತು. 2011ರ ಜನಗಣತಿಯಲ್ಲಿ ಸುಮಾರು 17.7 ಲಕ್ಷ ಮಂದಿ ವಸತಿರಹಿತರೆಂದು ಎಣಿಕೆಯಾದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ನಗರಗಳಲ್ಲಿದ್ದರು. ಅಂಗಡಿಯ ಜಗಲಿಯ ಮೇಲೆ, ಮೇಲುಸೇತುವೆಯ ಕೆಳಗೆ ಮಲಗುವ ಇವರನ್ನು ಸೋಮಾರಿಗಳೆಂದು ಜರೆಯುವವರು, ಬೆಳಗಿನ ನಾಲ್ಕು ಗಂಟೆಗೆ ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ಯಾರೆಂದು ನೋಡಿದವರಲ್ಲ. ಕಟ್ಟಡಕ್ಕೆ ಕಲ್ಲು ಹೊತ್ತವನೇ, ಮದುವೆಮನೆಯ ಪಾತ್ರೆ ಬೆಳಗಿದವಳೇ ರಾತ್ರಿ ಬೀದಿಯಲ್ಲಿ ಮಲಗುವುದುಂಟು.

“ಮೊದಲು ಕಾಯಕ ಮಾಡಲಿ, ಆಮೇಲೆ ನೆರವು ಕೇಳಲಿ” ಎಂಬ ಮಾತು ಭಕ್ತರ ಬಾಯಲ್ಲಿಯೂ ಕೇಳಿಬರುವುದು. ಇದು ಕಾಯಕತತ್ತ್ವವನ್ನು ತಲೆಕೆಳಗು ಮಾಡಿದಂತೆ. ರಾತ್ರಿಯೆಲ್ಲ ಎಚ್ಚರವಿದ್ದು ಗಂಟನ್ನು ಕಾಯುವವನು ಹಗಲು ದುಡಿಯುವುದೆಂತು? ಗಾರೆಯವನ ಕರಣೆ, ಚಮ್ಮಾರನ ಉಳಿ ಒಮ್ಮೆ ಕಳುವಾದರೆ ಅವನ ಕಾಯಕವೇ ಕಳುವಾದಂತೆ. ವಿಳಾಸವಿಲ್ಲದವನಿಗೆ ಪಡಿತರ ಚೀಟಿ ದುರ್ಲಭ, ಬ್ಯಾಂಕಿನ ಲೆಕ್ಕ ದುರ್ಲಭ; ಕೂಲಿಯ ಹಣವನ್ನು ಸೆರಗಿನಲ್ಲಿ, ಸೊಂಟದಲ್ಲಿ ಕಟ್ಟಿಕೊಂಡೇ ತಿರುಗಬೇಕು.

ನಗರಗಳಲ್ಲಿ ಇಂಥವರಿಗೆ ತಂಗುದಾಣಗಳನ್ನು ಏರ್ಪಡಿಸಬೇಕೆಂದು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು ರಾಜ್ಯಗಳಿಗೆ ಆಜ್ಞಾಪಿಸಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನವು ಒಂದು ಲಕ್ಷ ಜನಸಂಖ್ಯೆಗೆ ನೂರು ಮಂದಿಯ ಆಶ್ರಯ ಕೇಂದ್ರವಿರಬೇಕೆಂದೂ, ಒಬ್ಬೊಬ್ಬರಿಗೆ ಕನಿಷ್ಠ 50 ಚದರಡಿ ಸ್ಥಳವಿರಬೇಕೆಂದೂ ಗೊತ್ತುಪಡಿಸಿತು. ಅದು ದುಡಿಮೆಯ ಸ್ಥಳಕ್ಕೆ ಹತ್ತಿರವಿರಬೇಕು, ಹಗಲಿರುಳೂ ತೆರೆದಿರಬೇಕು ಎಂಬ ನಿಯಮವಂತೂ ಬಲು ವಿವೇಕದ್ದು. ಊರಾಚೆಯ ಕಟ್ಟಡದಲ್ಲಿ ಹಾಸಿಗೆ ಎಷ್ಟು ಮೆತ್ತಗಿದ್ದರೇನು, ನಸುಕಿನಲ್ಲಿ ಮಂಡಿಗೆ ಬರಲಾರದವನಿಗೆ ಅದರಿಂದ ಪ್ರಯೋಜನವೇನು? ಅದೇ ಅಭಿಯಾನದಲ್ಲಿ ಕುಶಲ ಕೆಲಸದ ಶಿಕ್ಷಣವೂ, ಸ್ವಂತ ಉದ್ಯೋಗಕ್ಕೆ ಸಾಲವೂ ಸೇರಿದ್ದವು. ನಿಯಮ ಒಳ್ಳೆಯದಿತ್ತು, ನಡೆ ಅದಕ್ಕೆ ಸರಿದೊರೆಯಾಗಲಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಅತೃಪ್ತಿಗೊಂಡು, ನಿವೃತ್ತ ನ್ಯಾಯಮೂರ್ತಿ ಕೈಲಾಸ್ ಗಂಭೀರ್ ಅವರ ನೇತೃತ್ವದಲ್ಲಿ ಪರಿಶೀಲನ ಸಮಿತಿಯನ್ನು ನೇಮಿಸಬೇಕಾಯಿತು. 2024ರಲ್ಲಿ ಆ ಅಭಿಯಾನದ ಅವಧಿಯೂ ಮುಗಿಯಿತು. ಜಗಲಿಯ ಮೇಲೆ ಮಲಗುವವರು ಮಾತ್ರ ಇದ್ದೇ ಇದ್ದಾರೆ.

ಕರ್ನಾಟಕದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾನೂನಿನಂತೆ ಮನೆಯುಳ್ಳವರು ಆಸ್ತಿ ತೆರಿಗೆಯೊಡನೆ ಶೇಕಡ 3ರಷ್ಟು ಕರವನ್ನು ತೆರುವರು. ರಸೀತಿಯನ್ನು ಮಡಚಿಟ್ಟು, ತಮ್ಮ ಪಾಲಿನ ದಾಸೋಹ ಸಂದಿತೆಂದು ನೆಮ್ಮದಿಗೊಳ್ಳುವವರೂ ಉಂಟು. ಕರವೇ ಬೇರೆ, ದಾಸೋಹವೇ ಬೇರೆ. ‘ಕೊಟ್ಟೆ’ನೆಂಬ ಭಾವ ಉಳಿದಲ್ಲಿ ಅದು ದಾನವಾದೀತೇ ಹೊರತು ದಾಸೋಹವೆನಿಸದು. ಪಡೆಯುವವನ ಕಾಯಕವನ್ನು ತನ್ನ ಕಾಯಕದ ಸಮವೆಂದು ಕಾಣುವ ಕಣ್ಣು ಅಲ್ಲಿ ಬೇಕು. ಸಂಜೆ ತಂಗುದಾಣದ ಬಾಗಿಲಿಗೆ ಬಂದು, “ನಾಳೆ ಇಬ್ಬರು ಗಾರೆಯವರು ಬೇಕು, ಕೂಲಿ ಊರಲ್ಲಿ ನಡೆಯುವಷ್ಟೇ” ಎಂದು ಹೇಳಿಹೋಗುವ ಗುತ್ತಿಗೆದಾರನಿಗೆ ತಾನು ಪುಣ್ಯಕಾರ್ಯ ಮಾಡಿದೆನೆಂದು ಅನಿಸುವುದೂ ಇಲ್ಲ. ಅವನಿಗೆ ಗಾರೆಯವರು ಬೇಕಾಗಿದ್ದರು, ಅಷ್ಟೆ.