ಗೇಟಿನ ಮುಂದಿನ ಹೊಂಗೆ ಗಿಡ

ಸತ್ಯವೇದ ತೆಗೆಯಿರಿ. ಆದಿಕಾಂಡ 21ನೇ ಅಧ್ಯಾಯ, 22ರಿಂದ 34ನೇ ವಚನದವರೆಗೆ.

ವಾಕ್ಯಕ್ಕೆ ಹೋಗೋ ಮೊದಲು ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ತೀನಿ. ನಾವು ಮೊದಲು ಆರಾಧನೆ ಮಾಡ್ತಿದ್ದ ಬೀದಿಯಲ್ಲಿ ಒಂದು ಮಳೆಗಾಲ ಪಾಲಿಕೆಯವರು ಬಂದು ಸಾಲಾಗಿ ಗಿಡ ನೆಟ್ಟರು. ಒಂದು ಹೊಂಗೆ ಗಿಡ ನಮ್ಮ ಸಭೆಯ ಗೇಟಿನ ಪಕ್ಕಕ್ಕೇ ಬಂತು. ನಮ್ಮನ್ನು ಯಾರೂ ಕೇಳಲಿಲ್ಲ. ಬೀದಿಯವರೆಲ್ಲ ಸೇರಿ ಒಂದು ಅರ್ಜಿ ಬರೆದ್ವಿ. ಮೊದಲ ಸಹಿ ನನ್ನದು.

ಆ ಅರ್ಜಿಯಲ್ಲಿ ಸುಳ್ಳಷ್ಟೇ ಇತ್ತು ಅಂತಲ್ಲ. ಒಬ್ಬರ ಕಾಂಪೌಂಡ್ ಹಳೇ ಮರದ ಬೇರಿಗೆ ಬಿರುಕು ಬಿಟ್ಟಿತ್ತು. ಇನ್ನೊಬ್ಬರ ಸ್ಕೂಟರ್ ಮೇಲೆ ಮೇ ತಿಂಗಳ ಮಳೆಗೆ ಕೊಂಬೆ ಬಿದ್ದಿತ್ತು. ಆದರೆ ನಾನು ಬರೆಸಿದ ಸಾಲು ಯಾವುದು ಗೊತ್ತಾ? "ಮಕ್ಕಳ ಸುರಕ್ಷತೆ." ನನ್ನ ಮನಸ್ಸಿನಲ್ಲಿ ಇದ್ದದ್ದು ಭಾನುವಾರದ ಕಾರ್ ಪಾರ್ಕಿಂಗ್.

ಅರ್ಜಿಗೆ ಉತ್ತರ ಬರಲಿಲ್ಲ. ನಾವು ಗಿಡ ಕೀಳಲೂ ಇಲ್ಲ. ನೀರು ಹಾಕಲಿಲ್ಲ, ಅಷ್ಟೇ. ಎದುರುಮನೆ ಅಜ್ಜಿ, ನಮ್ಮ ವಿಶ್ವಾಸದವರಲ್ಲ, ದಿನಾ ಅಕ್ಕಿ ತೊಳೆದ ನೀರು ತಂದು ಹಾಕ್ತಿದ್ರು. ಬೇಸಿಗೆಯಲ್ಲಿ ಎರಡು ತಿಂಗಳು ಮಗನ ಊರಿಗೆ ಹೋದ್ರು. ವಾಪಸ್ ಬಂದಾಗ ಗಿಡ ಒಣಗಿ ಕಡ್ಡಿಯಾಗಿತ್ತು. ನನ್ನ ಹತ್ತಿರ ಬಂದು ಹೇಳಿದ್ರು: "ಪಾಸ್ಟರೇ, ಒಳಗೆ ಜೀವಜಲ ಜೀವಜಲ ಅಂತ ಹಾಡ್ತೀರಲ್ಲ, ಹೊರಗೆ ಒಂದು ಚೊಂಬು ನೀರಿರಲಿಲ್ವಾ?"

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳೆದ ಮರ ಕಡಿಯಬೇಕು ಅಂದ್ರೆ ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ವೃಕ್ಷಾಧಿಕಾರಿಯ ಅನುಮತಿ ಕೇಳಬೇಕು. ಒಣಗಲು ಬಿಟ್ಟ ಸಸಿಗೆ ಯಾರು ಲೆಕ್ಕ ಕೇಳ್ತಾರೆ? ದೇವರು ಕೇಳ್ತಾರೆ, ಪ್ರಿಯರೇ.

ಈಗ ವಾಕ್ಯಕ್ಕೆ ಬನ್ನಿ. ಅಬ್ರಹಾಮ ತೋಡಿಸಿದ ಬಾವಿಯನ್ನು ಅಬೀಮೆಲೆಕನ ಸೇವಕರು ಕಿತ್ತುಕೊಂಡಿದ್ರು. ಅಬ್ರಹಾಮ ನೆಪ ಹೇಳಲಿಲ್ಲ, ಬೆನ್ನ ಹಿಂದೆ ಗೊಣಗಲಿಲ್ಲ. ಅರಸನ ಮುಖಕ್ಕೇ ಹೇಳಿದ. ಅರಸ ಏನಂದ? ಈ ವಿಷಯ ನನಗೆ ಇವತ್ತೇ ತಿಳೀತು, ಯಾರೂ ತಿಳಿಸಿರಲಿಲ್ಲ ಅಂದ. ನಮ್ಮ ವಾರ್ಡ್ ಆಫೀಸಿನಲ್ಲಿ ಕೂತವರಿಗೂ ಎಷ್ಟೋ ಸಲ ಹೀಗೇ. ನಿಜವಾದ ಕಾರಣವನ್ನು ನಾವು ಅವರಿಗೆ ಹೇಳಿರೋದೇ ಇಲ್ಲ.

ಆಮೇಲೆ ಏಳು ಕುರಿಮರಿ ಸಾಕ್ಷಿಯಾಗಿಟ್ಟು ಒಡಂಬಡಿಕೆ ಆಯ್ತು. ಅದಾದ ಮೇಲೆ, 33ನೇ ವಚನ ನೋಡಿ, ಅಬ್ರಹಾಮ ಬೇರ್ಷೆಬದಲ್ಲಿ ಒಂದು ಮರ ನೆಟ್ಟು ಕರ್ತನ ನಾಮದಲ್ಲಿ ಆರಾಧಿಸಿದ. ಕ್ರಮ ಗಮನಿಸಿ. ಮೊದಲು ಸತ್ಯವಾದ ಜಗಳ, ಆಮೇಲೆ ಒಪ್ಪಂದ, ಆಮೇಲೆ ಮರ. ಪಾಲಿಕೆ ಒಪ್ಪಂದ ಬಿಟ್ಟು ಮರ ನೆಟ್ಟಿತು. ನಾವು ಸತ್ಯ ಬಿಟ್ಟು ಜಗಳ ಆಡಿದ್ವಿ. ಜಗಳ ಪಾಪವಲ್ಲ. ನೆಪ ಪಾಪ.

ಇನ್ನೂ ಒಂದು ಮಾತು, ಇದು ಯೌವನಸ್ಥರಿಗೆ. 34ನೇ ವಚನದಲ್ಲಿ ಅಬ್ರಹಾಮ ಆ ದೇಶದಲ್ಲಿ ಪರದೇಶಿ. ಆ ನೆಲ ಅವನ ಹೆಸರಿನಲ್ಲಿಲ್ಲ. ನಿಮ್ಮಲ್ಲಿ ಅನೇಕರು ಪಿಜಿಯಲ್ಲಿದ್ದೀರಿ, 11 ತಿಂಗಳ ಅಗ್ರಿಮೆಂಟ್‌ನಲ್ಲಿದ್ದೀರಿ. "ನನ್ನ ಮನೆ ಅಲ್ಲ, ನನ್ನ ಬೀದಿ ಅಲ್ಲ, ನಾನ್ಯಾಕೆ ನೀರು ಹಾಕಲಿ?" ಅಂತೀರಿ. ಆದರೆ 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ನಿಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. ಇವತ್ತು ಬಸ್‌ಸ್ಟಾಪಿನಲ್ಲಿ ಆ ನೆರಳಿಗೆ ಬಾಡಿಗೆ ಕೊಡದೆ ನಿಲ್ತೀವಿ.

ಮರದ ಎಲೆ ಗುಡಿಸೋ ಕಷ್ಟ ಇವತ್ತು ಒಬ್ಬರಿಗೆ, ನೆರಳು ಇನ್ನು ಇಪ್ಪತ್ತು ವರ್ಷಕ್ಕೆ ಇನ್ಯಾರಿಗೋ. ಇದು ನ್ಯಾಯವಾ? ಒಬ್ಬರೇ ಹೊತ್ತರೆ ನ್ಯಾಯವಲ್ಲ. ಅದಕ್ಕೇ ಒಬ್ಬರ ಭಾರ ಇನ್ನೊಬ್ಬರು ಹೊರಬೇಕು ಅಂತ ಪೌಲ ಗಲಾತ್ಯದವರಿಗೆ ಬರೆದ.

ನಾವು ಮತ್ತೆ ವಾರ್ಡ್ ಆಫೀಸಿಗೆ ಹೋದ್ವಿ. ಈ ಸಲ ಪಾರ್ಕಿಂಗ್ ವಿಷಯವನ್ನೇ ಹೇಳಿದೆ, ನಾಚಿಕೆಯಾದ್ರೂ. ಗೇಟಿನಿಂದ ಸ್ವಲ್ಪ ಆಚೆ, ಮೇಲೆ ಕರೆಂಟ್ ತಂತಿ ಇಲ್ಲದ ಜಾಗ ತೋರಿಸಿ, ನೀರು ನಮ್ಮ ಜವಾಬ್ದಾರಿ ಅಂತ ಬರೆದುಕೊಟ್ವಿ. ಇನ್ನೊಂದು ಹೊಂಗೆ ಬಂತು. ಯೂತ್ ಬ್ರದರ್ಸ್ ಸರದಿ ಹಾಕಿಕೊಂಡು ನೀರು ಹಾಕಿದ್ರು, ಅಜ್ಜಿಯ ಮನೆ ಮುಂದೆ ಬಿದ್ದ ಎಲೆಯನ್ನೂ ಗುಡಿಸಿದ್ರು. ನೆಟ್ಟ ದಿನ ಅಜ್ಜಿಗೆ ಖುಷಿಯಿಂದ ಹೇಳೋಕೆ ಹೋದೆ. ಅವರು ಅಂದ್ರು: "ಬೇಸಿಗೆ ಬರಲಿ, ನೋಡೋಣ."

ನಮ್ಮ ಸಾಕ್ಷಿಗೂ ಬೇಸಿಗೆ ಬರುತ್ತೆ, ಪ್ರಿಯರೇ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ. ತಂದೆಯೇ, ನಮ್ಮ ನೆಪಗಳನ್ನು ಕ್ಷಮಿಸು. ನಮ್ಮದಲ್ಲದ ಬೀದಿಯಲ್ಲೂ ನಂಬಿಗಸ್ತರಾಗಿರಲು ಕೃಪೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.