ಡಿಫರೆನ್ಷಿಯಲ್ ಬದಲಾಯಿಸಿದರೆ ಕಾರು ಅದೇನಾ?

ಕೋವೆಂಟ್ರಿಯಲ್ಲಿ ಎರಡು ವರ್ಷ ಪ್ರಾಜೆಕ್ಟ್ ಮೇಲಿದ್ದಾಗ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದರು. ಹುಡುಗರಾಗಿದ್ದಾಗ ಅದೇ ಊರಿನ ಕ್ಯಾನ್ಲಿಯ ಟ್ರಯಂಫ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಅವರ ಗ್ಯಾರೇಜಿನಲ್ಲಿ 1971ರ ಟ್ರಯಂಫ್ ಜಿಟಿ6 ಇತ್ತು. ನನ್ನ ಶನಿವಾರಗಳೆಲ್ಲ ಆ ಕಾರಿನ ಕೆಳಗೇ ಕಳೆದವು ಅಂದರೂ ತಪ್ಪಿಲ್ಲ.

ಒಂದು ಶನಿವಾರ ಹೋದರೆ ಡಿಫರೆನ್ಷಿಯಲ್ ಬಿಚ್ಚಿ ನೆಲದ ಮೇಲಿಟ್ಟಿದ್ದರು. ಎರಡನೇ ಸಲ ಹಲ್ಲು ಮುರಿದಿತ್ತು. "ಸಾಕು, ಈ ಸಲ ಸುಬಾರು ಹಾಕ್ತೀನಿ" ಅಂದರು. ನನಗೆ ಯಾರೋ ದೇವಸ್ಥಾನದ ಕಂಬ ತೆಗೆದು ಕಾಂಕ್ರೀಟ್ ಪಿಲ್ಲರ್ ನಿಲ್ಲಿಸ್ತೀನಿ ಅಂದ ಹಾಗಾಯ್ತು.

ಗೊತ್ತಿಲ್ಲದವರಿಗೆ: ಎಂಜಿನ್ನಿನಿಂದ ಉದ್ದಕ್ಕೆ ಬರುವ ತಿರುಗುವಿಕೆಯನ್ನು ಅಡ್ಡಕ್ಕೆ ತಿರುಗಿಸಿ ಹಿಂದಿನ ಎರಡು ಚಕ್ರಗಳಿಗೆ ಕೊಡೋದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕಲ್ಲ, ಅದಕ್ಕೆ ಅವಕಾಶ ಮಾಡಿಕೊಡೋದೂ ಇದೇ. ಜಿಟಿ6ರಲ್ಲಿರುವುದು 1959ರಲ್ಲಿ ಬಂದ ಹೆರಾಲ್ಡ್ ಎಂಬ ಪುಟ್ಟ ಸಂಸಾರಿ ಕಾರಿನ ವಂಶದ್ದು. ಹೆರಾಲ್ಡ್ 948 ಸಿಸಿ ಗಾಡಿ. ಜಿಟಿ6ಗೆ ಎರಡು ಲೀಟರಿನ ಆರು ಸಿಲಿಂಡರ್. ಸಾಲದ್ದಕ್ಕೆ ಅಜ್ಜ ಮೂರು ವೆಬರ್ ಕಾರ್ಬುರೇಟರ್ ಬೇರೆ ಕೂರಿಸಿದ್ದರು. ಮುರಿಯದೆ ಇನ್ನೇನು?

ನಾನು ವಾದ ಮಾಡಿದೆ. ಮೂಲ ಹೋದ ಮೇಲೆ ಇದು ಯಾವ ಟ್ರಯಂಫ್? ಅವರು ನಕ್ಕರು. "ಆ ಡಿಫ್ ಯಾರೂ ಪ್ರೀತಿಯಿಂದ ಆರಿಸಿದ್ದಲ್ಲ. ಕೈಗೆ ಸಿಗೋ ಹಾಗಿತ್ತು, ಅಗ್ಗ ಇತ್ತು, ಹಾಕಿದ್ವಿ. ನೀನು ಪೂಜೆ ಮಾಡ್ತಿದ್ದೀಯ. ನಾನು ಓಡಿಸಬೇಕು."

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ನಮ್ಮ ತಾತನ ಹತ್ತಿರ ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದರಾಸಿನಲ್ಲಿ ತಯಾರಾಗುತ್ತಿದ್ದದ್ದು. ಅಪ್ಪ ನನ್ನ ಪಕ್ಷ ಅಂದುಕೊಂಡಿದ್ದೆ. "ಅಯ್ಯೋ, ಅದರ ಹಿಂದಿನ ಚಕ್ರ ಒಳಕ್ಕೆ ಮಡಚಿಕೊಳ್ಳೋದು ಕಣೋ. ಆಮೇಲೆ ಗಜೆಲ್ ಅಂತ ಮಾಡಿದಾಗ ಆಕ್ಸಲ್ಲೇ ಬದಲಾಯಿಸಿದ್ರಲ್ಲ!" ಅಂದ. ನಿಜ. 1972ರಲ್ಲಿ ಬಂದ ಸ್ಟ್ಯಾಂಡರ್ಡ್ ಗಜೆಲ್‌ನಲ್ಲಿ ಹೆರಾಲ್ಡಿನ ಸ್ವಿಂಗ್ ಆಕ್ಸಲ್ ಬದಲು ಗಟ್ಟಿ ಲೈವ್ ಆಕ್ಸಲ್ ಇತ್ತು. ಟ್ರಯಂಫ್‌ನವರೇ 1968ರ ಎರಡನೇ ಜಿಟಿ6ಗೆ ಹಿಂದಿನ ಸಸ್ಪೆನ್ಷನ್ ಹೊಸದಾಗಿ ಮಾಡಿದ್ದರು, ಮೊದಲನೆಯದನ್ನು ಪತ್ರಿಕೆಗಳು ಬೈದಿದ್ದಕ್ಕೆ. ಮೂಲ ಅಂತ ನಾನು ಹಿಡಿದುಕೊಂಡಿದ್ದನ್ನು ಮಾಡಿದವರೇ ಹಿಡಿದುಕೊಂಡಿರಲಿಲ್ಲ.

ಅಲ್ಲಿಗೆ ನನ್ನ ವಾದ ಮುಗೀಬೇಕಿತ್ತು. ಮುಗೀಲಿಲ್ಲ.

ಯಾಕಂದರೆ ಮುಂದಿನ ಶನಿವಾರ ಅಜ್ಜ ನನ್ನ ಕೈಗೆ ಗ್ರೈಂಡರ್ ಕೊಟ್ಟರು. ಸುಬಾರುವಿನ ಆರ್160 (ಒಳಗಿನ ಕ್ರೌನ್ ವೀಲಿನ ಅಗಲ 160 ಮಿಲಿಮೀಟರ್, ಹೆಸರು ಅದರಿಂದಲೇ) ಹಳೇ ಜಾಗದಲ್ಲಿ ಹಾಗೇ ಕೂರಲ್ಲ. ಟ್ರಯಂಫ್‌ನಲ್ಲಿ ಹಿಂದಿನ ಅಡ್ಡ ಪಟ್ಟಿ ಸ್ಪ್ರಿಂಗು ಡಿಫರೆನ್ಷಿಯಲ್ಲಿನ ತಲೆ ಮೇಲೇ ಬೋಲ್ಟ್ ಆಗಿರುತ್ತೆ. ಅಂದರೆ ಕಾರಿನ ಹಿಂಭಾರವನ್ನೂ ಅದೇ ಹೊರಬೇಕು. ಸುಬಾರುದಕ್ಕೆ ಅಂಥ ತಲೆಯೇ ಇಲ್ಲ. ಛಾಸಿಯ ಹಳೇ ಬ್ರಾಕೆಟ್ ಕತ್ತರಿಸಿ ಹೊಸದು ವೆಲ್ಡ್ ಮಾಡೋದು ಸುಲಭದ ದಾರಿ. ಪೆನ್ಸಿಲ್ಲಿನಲ್ಲಿ ಗೆರೆಯನ್ನೂ ಎಳೆದಿಟ್ಟಿದ್ದರು.

ಗ್ರೈಂಡರ್ ಆನ್ ಮಾಡೋಕೆ ಆಗಲಿಲ್ಲ. ಡಿಫ್ ಬದಲಾಯಿಸಿದರೆ ನಾಳೆ ಇನ್ನೊಬ್ಬರು ಹಳೇದು ಹುಡುಕಿ ಕೂರಿಸಬಹುದು. ಬ್ರಾಕೆಟ್ ಕತ್ತರಿಸಿದರೆ ಆ ಇನ್ನೊಬ್ಬರ ಪರವಾಗಿ ನಾವೇ ತೀರ್ಮಾನ ಮಾಡಿಬಿಟ್ಟ ಹಾಗೆ. ಅಜ್ಜನಿಗೆ ಎಂಬತ್ತರ ಹತ್ತಿರ. ಆ ಇನ್ನೊಬ್ಬರು ಅವರ ಮೊಮ್ಮಗಳು ಅಂತ ಇಬ್ಬರಿಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೇ.

ನಾನು ಕಾನೂನಿನ ನೆಪ ಹೇಳಿದೆ (ಹೇಡಿತನ, ಒಪ್ಪಿಕೊಳ್ತೀನಿ). ಆಗ ಬ್ರಿಟನ್ನಿನ ನೋಂದಣಿ ಇಲಾಖೆಯ ಲೆಕ್ಕದಲ್ಲಿ ತೀರಾ ಬದಲಾಯಿಸಿದ ಗಾಡಿ ಹಳೇ ನಂಬರ್ ಉಳಿಸಿಕೊಳ್ಳೋಕೆ 8 ಅಂಕ ಬೇಕಿತ್ತು. ಬದಲಾಗದ ಛಾಸಿಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್‌ಬಾಕ್ಸ್, ಸ್ಟೀರಿಂಗಿಗೆ ತಲಾ 2. ಎಂಜಿನ್ನಿಗೆ ಬರೀ 1! ಕಾರಿನ ಆತ್ಮ ಅಂತ ನಾವು ಎದೆ ಬಡಿದುಕೊಳ್ಳೋ ಎಂಜಿನ್ನಿಗೆ ಗುಮಾಸ್ತರು ಕೊಟ್ಟ ಬೆಲೆ ನೋಡಿ.

ಅಜ್ಜ ಸ್ವಲ್ಪ ಹೊತ್ತು ಆ ಪೆನ್ಸಿಲ್ ಗೆರೆ ನೋಡಿದರು. "ಅವಳಿಗೆ ಹಳೇದೇ ಬೇಕು ಅನ್ನಿಸಿದ್ರೆ?" ಅಂತ ಕೇಳಿದರು, ನನ್ನನ್ನಲ್ಲ. ಆಮೇಲೆ ಗೆರೆ ಒರೆಸಿದರು.

ಬೋಲ್ಟಿನಲ್ಲೇ ನಿಲ್ಲೋ ಹಾಗೆ ಉಕ್ಕಿನ ತೊಟ್ಟಿಲೊಂದನ್ನು ಮಾಡೋಕೆ ಇನ್ನೂ ಐದು ಶನಿವಾರ ಹಿಡೀತು. ಎರಡು ಸಲ ಅಳತೆ ತಪ್ಪಿತು, ತಪ್ಪಿಸಿದ್ದು ನಾನೇ. ಹಳೇ ಡಿಫ್ ಮರದ ಪೆಟ್ಟಿಗೆ ಸೇರಿ ಬೆಂಚಿನ ಕೆಳಗೆ ಹೋಯ್ತು. ಜೊತೆಗೊಂದು ಚೀಟಿ: ಏನು ತೆಗೆದಿದ್ದು, ಏನು ಹಾಕಿದ್ದು, ಯಾವ ಬೋಲ್ಟ್ ಎಲ್ಲಿಯದು.

ಮೊದಲ ಓಟಕ್ಕೆ ನನ್ನನ್ನೂ ಕೂರಿಸಿಕೊಂಡರು. ಈಗ ಧೈರ್ಯವಾಗಿ ಕ್ಲಚ್ ಬಿಡಬಹುದಿತ್ತು. ಅಜ್ಜ ಮಾತ್ರ ಹಳೇ ಅಭ್ಯಾಸದಲ್ಲೇ, ಮಲಗಿದ ಮಗುವನ್ನು ಎಬ್ಬಿಸಬಾರದು ಅನ್ನೋ ಹಾಗೆ, ನಿಧಾನಕ್ಕೆ ಪಾದ ಎತ್ತಿದರು. ಹಲ್ಲು ಮುರಿಯೋ ಭಯ ಕಲಿಸಿದ ಮೆದುತನ ಅದು. ಹೊಸ ಡಿಫ್ ಅದನ್ನು ಯಾರಿಗೂ ಕಲಿಸಲ್ಲ.

ಮೊಮ್ಮಗಳು ಹಾಗೆಲ್ಲ ಪಾದ ಎತ್ತೋಳಲ್ಲ. ಎರಡು ತಿಂಗಳಿಗೆ ಹಿಂದಿನ ಶಾಫ್ಟಿನ ರಬ್ಬರ್ ಕಪ್ಲಿಂಗ್ ಸೀಳಿತು. ಅಜ್ಜ ಫೋಟೋ ಕಳಿಸಿ, "ಶನಿವಾರ ಬಿಡುವಿದೆಯಾ?" ಅಂತ ಕೇಳಿದ್ದರು. ನಾನಾಗಲೇ ಬೆಂಗಳೂರಿಗೆ ವಾಪಸ್ ಬಂದಾಗಿತ್ತು.