ಭಾವನೆಗೂ ಮೊದಲೇ ಬೆಲೆ ಕಟ್ಟಿದಾಗ

ಅಭಿಮನ್ಯು ಸಾಯುತ್ತಾನೆಂದು ತಿಳಿಯದವರು ಯಕ್ಷಗಾನದ ಬಯಲಿನಲ್ಲಿ ಒಬ್ಬರೂ ಇರುವುದಿಲ್ಲ. ಆದರೂ ಜನ ಬೆಳಗಿನ ಜಾವದವರೆಗೆ ಕೂರುತ್ತಾರೆ. ಹಾಗಾಗಿ, ‘ಮುಂದೇನಾಗುತ್ತದೆಂದು ಮೊದಲೇ ಗೊತ್ತಾಗಿಬಿಡುತ್ತದೆ, ಅದಕ್ಕೇ ದೊಡ್ಡ ಸಿನಿಮಾಗಳು ಬೇಸರ’ ಎನ್ನುವ ದೂರು ಪೂರ್ತಿ ಸರಿಯಲ್ಲ. ಪ್ರಸಂಗ ಎಲ್ಲರಿಗೂ ಗೊತ್ತು. ಇವತ್ತಿನ ಅಭಿಮನ್ಯು ಸುಭದ್ರೆಗೆ ಏನು ಹೇಳಿ ಯುದ್ಧಕ್ಕೆ ಹೊರಡುತ್ತಾನೆ ಎಂಬುದು ಗೊತ್ತಿಲ್ಲ. ಆ ಮಾತು ಹುಟ್ಟುವುದೇ ರಂಗದ ಮೇಲೆ, ನಮ್ಮೆದುರಿಗೆ.

ದೊಡ್ಡ ಬಜೆಟ್ಟಿನ ಸಿನಿಮಾ ಇದಕ್ಕೆ ತದ್ವಿರುದ್ಧ. ಅಲ್ಲಿ ತಿರುವುಗಳಿಗೇನೂ ಬರವಿಲ್ಲ; ಮೊದಲೇ ನಿಗದಿಯಾಗಿರುವುದು ನಮ್ಮ ಭಾವನೆ. ನಾಯಕ ಬರುವಾಗ ಸ್ಲೋ ಮೋಷನ್, ಕಿವಿಗಡಚಿಕ್ಕುವ ಸಂಗೀತ, ಶಿಳ್ಳೆಗೆಂದೇ ಬಿಟ್ಟ ಜಾಗ. ತಾಯಿ ಸತ್ತಾಗ ಕಣ್ಣೀರಿಗೆ ಇಂತಿಷ್ಟು ನಿಮಿಷ. ಪ್ರೇಕ್ಷಕನನ್ನು ಪೂರ್ತಿ ಅರೆದು ಕುಡಿದಿದ್ದೇವೆ, ಅವನಲ್ಲಿ ಹೊಸದೇನೂ ಉಳಿದಿಲ್ಲ ಎಂದು ನಂಬಿದವರು ಮಾತ್ರ ಹೀಗೆ ಸಿನಿಮಾ ಮಾಡಬಲ್ಲರು. ನನಗೆ ಸಿಟ್ಟು ಬರುವುದು ಈ ನಂಬಿಕೆಯ ಮೇಲೆ.

ಇದರ ಬೇರು ಭಯದಲ್ಲಿದೆ. ಕೋಟಿಗಟ್ಟಲೆ ಸುರಿದವರಿಗೆ ಅನುಮಾನಕ್ಕೆ ಎಡೆಯಿರಬಾರದು. ಐದು ಭಾಷೆಗಳಲ್ಲಿ ಒಂದೇ ದಿನ ಬಿಡುಗಡೆಯಾಗಬೇಕಾದ ಚಿತ್ರದಲ್ಲಿ ಮಂಡ್ಯದವರಿಗಷ್ಟೇ ನಗು ತರಿಸುವ ಮಾತಿಗೆ ಜಾಗ ಸಿಗುವುದು ಕಷ್ಟ. ಈ ಭಯವೂ ನಿರಾಧಾರ ಎಂಬುದಕ್ಕೆ 2022ರ ‘ಕಾಂತಾರ’ವೇ ಸಾಕ್ಷಿ: ಕರಾವಳಿಯ ದೈವದ ಕಥೆ ಮೊದಲು ಕನ್ನಡದಲ್ಲಷ್ಟೇ ತೆರೆಕಂಡು, ಆಮೇಲೆ ಬೇರೆ ಭಾಷೆಗಳಿಗೆ ಹೋಯಿತು.

ನಮ್ಮ ಭಾವನೆಯನ್ನು ಮೊದಲೇ ನಿಗದಿ ಮಾಡದ ಸಿನಿಮಾ ಹೇಗಿರುತ್ತದೆ ಎನ್ನುವುದಕ್ಕೆ ರಾಮ್ ರೆಡ್ಡಿಯವರ ‘ತಿಥಿ’ಯನ್ನು ನೆನೆಯಿರಿ. ನಟನೆಯೇ ಗೊತ್ತಿಲ್ಲದ ಹಳ್ಳಿಯ ಜನ ನಟಿಸಿದ, 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ಪಡೆದ ಚಿತ್ರ. ನೂರೊಂದು ವರ್ಷದ ಅಪ್ಪ ಸತ್ತರೂ ಅಳದೆ ಬ್ರಾಂದಿ ಕುಡಿದುಕೊಂಡು ಅಲೆಯುವ ಗಡ್ಡಪ್ಪನನ್ನು ನೋಡಿ ನಾವು ನಗುತ್ತಲೇ ಇರುತ್ತೇವೆ. ಒಂದು ರಾತ್ರಿ ಕುರಿಗಾಹಿಗಳ ಜೊತೆ ಕೂತವನು ತನ್ನ ಹೆಂಡತಿಯ, ಅಪ್ಪನ ಕಥೆ ಹೇಳುತ್ತಾನೆ. ದನಿ ಏರುವುದಿಲ್ಲ. ಇಲ್ಲಿ ಅಳಬೇಕು ಎಂದು ಸಂಗೀತ ಹೇಳಿಕೊಡುವುದಿಲ್ಲ. ಅಷ್ಟು ಹೊತ್ತು ನಕ್ಕ ನಗುವನ್ನು ಏನು ಮಾಡಬೇಕೆಂದು ಮಾತ್ರ ತಿಳಿಯುವುದಿಲ್ಲ. ಆ ತಬ್ಬಿಬ್ಬೇ ನೋಡುಗನಿಗೆ ಸಲ್ಲುವ ಗೌರವ.

ಇಂಥ ಸಿನಿಮಾ ಮಾಡುವುದು ಈಗ ಮೊದಲಿನಷ್ಟು ದುಸ್ತರವಲ್ಲ. 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಹಣ ಕೂಡಿಸಿ ‘ಲೂಸಿಯಾ’ ಮಾಡಿದರು. ಹತ್ತು ವರ್ಷದ ನಂತರ ಕಥೆಗಾರ ತೇಜಸ್ವಿಯವರ ಓದುಗರೇ ಸೇರಿ, ಅವರ ಕಥೆಯನ್ನಾಧರಿಸಿದ ‘ಡೇರ್‌ಡೆವಿಲ್ ಮುಸ್ತಫಾ’ಗೆ ಬಂಡವಾಳ ಹಾಕಿದರು. ಕೊಪ್ಪಳ ಸೀಮೆಯ ಬಿಸಿಯೂಟದ ಅಡುಗೆಯವಳೊಬ್ಬಳ ಕಥೆ, ‘ಶಿವಮ್ಮ’, 2022ರಲ್ಲಿ ಬೂಸಾನ್ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಆದರೆ ನಮ್ಮ ಥಿಯೇಟರುಗಳಿಗೆ ಬಂದದ್ದು 2024ರಲ್ಲಿ. ಗಂಟು ಇರುವುದು ಇಲ್ಲೇ. ಇಂಥ ಚಿತ್ರಕ್ಕೆ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಕೆಲಸದ ದಿನದ ಬೆಳಗಿನ ಆಟ. ಸೀಟು ತುಂಬಲಿಲ್ಲವೆಂದು ಮುಂದಿನ ಶುಕ್ರವಾರದೊಳಗೆ ಅದೂ ಇಲ್ಲ. ಬಾಯಿಮಾತು ಹಬ್ಬುವುದಕ್ಕೂ ಪುರುಸೊತ್ತಿಲ್ಲ. ಒಟಿಟಿ ಬಂದಾಗ ದಾರಿ ಸಿಕ್ಕಿತೆಂದುಕೊಂಡೆವು. ಅಲ್ಲೂ ತಾರೆಯಿಲ್ಲದ ಕನ್ನಡ ಚಿತ್ರ ಬಾಗಿಲಲ್ಲೇ ಕಾಯಬೇಕು.

‘ಜನಕ್ಕೆ ಇದೆಲ್ಲ ಬೇಡ’ ಎನ್ನುವವರಿಗೆ ಹೆಗ್ಗೋಡು ಎಂಬ ಹಳ್ಳಿ ಆಗಲೇ ಉತ್ತರ ಕೊಟ್ಟಿದೆ. ಕೆ.ವಿ. ಸುಬ್ಬಣ್ಣನವರು 1973ರಲ್ಲಿ ನೀನಾಸಮ್ ಚಿತ್ರಸಮಾಜ ಕಟ್ಟಿ, ಅಡಿಕೆ ಬೆಳೆಗಾರರಿಗೂ ಕೂಲಿಯವರಿಗೂ ‘ರಾಶೊಮಾನ್’, ‘ಪಥೇರ್ ಪಾಂಚಾಲಿ’ ತೋರಿಸಿದರು. ಜನ ಎದ್ದು ಹೋಗಲಿಲ್ಲ. ಅವರಿಗೆ ಅದು ಅರ್ಥವಾದೀತೆ ಎಂಬ ಅನುಮಾನ ಪಟ್ಟಣದವರದು.

ಸ್ವತಂತ್ರ ಸಿನಿಮಾದ ಮುಂದಿನ ದಿನಗಳು ಕ್ಯಾಮೆರಾದಲ್ಲಿಲ್ಲ, ತೆರೆಯಲ್ಲಿವೆ. ಸರ್ಕಾರ ಸಿನಿಮಾ ಮಾಡಿದವರಿಗೆ ಸಹಾಯಧನ ಕೊಡುತ್ತದೆ. ತೋರಿಸುವವರಿಗೂ ಅಷ್ಟೇ ಆಸ್ಥೆಯಿಂದ ಕೊಡಲಿ. ವರ್ಷದ ಹೆಚ್ಚಿನ ದಿನ ಬೀಗ ಬಿದ್ದಿರುವ ರಂಗಮಂದಿರಗಳಿವೆ, ಕಾಲೇಜು ಸಭಾಂಗಣಗಳಿವೆ. ಒಂದು ಪ್ರೊಜೆಕ್ಟರ್ ಇಟ್ಟರೆ ಸಾಕು. ಓದುಗರೇ, ನಿಮ್ಮೂರಿನಲ್ಲಿ ಹತ್ತು ಜನ ಸೇರಿ ಒಂದು ಚಿತ್ರಸಮಾಜ ಶುರುಮಾಡಿ. ಮೊದಲ ಪ್ರದರ್ಶನಕ್ಕೆ ನಿರ್ದೇಶಕರನ್ನೇ ಕರೆಯಿರಿ, ಟಿಕೆಟ್ಟಿನ ದುಡ್ಡನ್ನು ಅವರ ಕೈಗೇ ಕೊಡಿ.